ಹೊರಗೆ ಕೂತವರು

“ಡಾಕ್ಟರಬಾಯಾರ, ಈಕಿಗೆ ಮಾಡ್ರಿ ಸೂಜಿ,” ಎನ್ನುತ್ತ ಅಕ್ಕುತಾಯಿ ಸೊಸೆ ನೀಲಮಳನ್ನು ಸ್ಟೂಲಿನ ಮೇಲೆ ಕೂರಿಸಿ, ತಾನೇ ಅವಳ ರವಿಕೆಯ ತೋಳನ್ನು ಮೇಲಕ್ಕೆ ಸರಿಸಿದಳು.

ರಾಯಬಾಗದ ಆ ಸಣ್ಣ ದವಾಖಾನೆಗೆ ಬರುವ ಮೊದಲೇ ಅಕ್ಕುತಾಯಿ ಎಲ್ಲವನ್ನೂ ನಿರ್ಧರಿಸಿಬಿಟ್ಟಿದ್ದಳು. ಹೋದ ವರ್ಷ ಅವಳ ತಂಗಿ ಗಂಗೂಬಾಯಿ ಗರ್ಭಕೋಶದ ಬಾಯಿಯ ಕ್ಯಾನ್ಸರಿನಿಂದ ತೀರಿಕೊಂಡಿದ್ದಳು. ಆ ರೋಗ ಬಾರದಂತೆ ತಡೆಯುವ ಲಸಿಕೆ ಇದೆಯೆಂದು ಮಹಿಳಾ ಸಂಘದ ಸಭೆಯಲ್ಲಿ ಇದೇ ಡಾಕ್ಟರು ಹೇಳಿದಾಗ ಅವಳು ಮುಂದಿನ ಸಾಲಿಗೆ ಸರಿದು ಕೂತಿದ್ದಳು. ಅದನ್ನು ಯಾರಿಗೆ ಹಾಕಬೇಕೆಂದು ಅವರು ಹೇಳುವ ಹೊತ್ತಿಗೆ ಸರಿಯಾಗಿ ಚಹಾ ಬಂತು. ಉಳಿದರ್ಧ ಭಾಷಣವನ್ನು ಅಕ್ಕುತಾಯಿ ತನ್ನ ತಲೆಯಲ್ಲೇ ಮಾಡಿ ಮುಗಿಸಿದಳು. ಗರ್ಭಕೋಶದ ಮಾತೆಂದ ಮೇಲೆ ಅದು ಹೆತ್ತವಳಿಗಲ್ಲದೆ ಮತ್ತಾರಿಗೆ? ಸರಕಾರದಿಂದ ಇನ್ನೂ ಬಾರದ ಲಸಿಕೆ. ‘ನಮ್ಮನಿ ಹುಡುಗಿಗೆ ಬೇಕ್ರಿ’ ಎಂಬ ಅವಳ ಹಟಕ್ಕೆ ಡಾಕ್ಟರು ಮಿರಜದಿಂದ ಬರ್ಫದ ಡಬ್ಬಿಯಲ್ಲಿ ತರಿಸಿದ್ದರು.

ಶಾಲೆಗೆ ರಜೆಯೆಂದು ಬೆನ್ನುಹತ್ತಿ ಬಂದಿದ್ದ ಮೊಮ್ಮಗಳು ಪೂನಮಳನ್ನು ಅಕ್ಕುತಾಯಿ ಚಪ್ಪಲಿ ಕಾಯಲು ಹೊರಗಿನ ಬೆಂಚಿನ ಮೇಲೆ ಬಿಟ್ಟಿದ್ದಳು. ಅಲ್ಲಿ ಚಪ್ಪಲಿ ಕದಿಯುವವರು ಯಾರೂ ಇರಲಿಲ್ಲ. ಇಂಥ ಮಾತು ಲಗ್ನವಾಗದ ಹುಡುಗಿಯ ಕಿವಿಗೆ ಬೀಳಬಾರದು, ಅಷ್ಟೆ.

“ನಿನಗ ವಯಸ್ಸೆಷ್ಟ ನೀಲಮಾ?” ಡಾಕ್ಟರು ಕೇಳಿದರು.

“ಮೂವತ್ತಾರ್ರಿ.”

“ಹಂಗಾರ ಈ ಸೂಜಿ ನಿನಗಲ್ಲವ್ವಾ. ನಿನಗ ತಪಾಸಣೆ ಮಾಡೂನು, ನಿಮ್ಮತ್ತಿಗೂ ಮಾಡೂನು. ಸೂಜಿ ಬೇಕಾಗಿದ್ದು ಹೊರಗ ಕುಂತ ಹುಡುಗಿಗೆ. ಆಕಿಗೆಷ್ಟ?”

“ಹನ್ನೆರಡ್ರಿ.”

“ಒಂಬತ್ತರಿಂದ ಹದಿನಾಲ್ಕರ ಒಳಗ ಇದಕ್ಕ ಛಲೋ ವ್ಯಾಳ್ಯಾ. ಈಗೊಂದು, ಆರ ತಿಂಗಳ ಬಿಟ್ಟ ಇನ್ನೊಂದು, ಮುಗೀತು.”

ಅಕ್ಕುತಾಯಿ ಎದ್ದೇ ನಿಂತಳು. “ಅಯ್ಯ ನಮ್ಮವ್ವಾ! ಏನ್ ಅಂತೀರಿ? ಇನ್ನೂ ದೊಡ್ಡಾಕಿ ಸೈತ ಆಗಿಲ್ಲ ಅದು. ಲಗ್ನ ಆಗದ ಕೂಸಿಗೆ ಗರ್ಭಚೀಲದ ಸೂಜಿ? ನಾಳೆ ಬೀಗರಾಗವ್ರು ಹುಡುಗಿಗೆ ಏನೋ ಐಬ ಐತಿ ಅನ್ನಂಗಿಲ್ಲೇನ್ರಿ?”

“ಸಣ್ಣಾಕಿದ್ದಾಗ ಪೋಲಿಯೋ ಹನಿ ಹಾಕ್ಸಿದ್ರಿಲ್ಲೋ? ಕಾಲು ಕುಂಟ ಆಗಿತ್ತಂತ ಹಾಕ್ಸಿದ್ರೇನು?”

ಎದ್ದು ನಿಂತಿದ್ದ ಅಕ್ಕುತಾಯಿ ಮತ್ತೆ ಕೂತಳು.

“ಈ ರೋಗದ ಬೀಜ ಗಂಡ-ಹೆಂಡತಿ ಕೂಡಿದಾಗ ಬರೂದು,” ಎಂದರು ಡಾಕ್ಟರು. “ಬಂದಮ್ಯಾಲೆ ಈ ಲಸಿಕೆ ಅದನ್ನ ಓಡಿಸೂದಿಲ್ಲ. ಬರೂಕಿಂತ ಮೊದಲ ಹಾಕಿದ್ರ ತಡೀತೈತಿ. ಅದಕ್ಕ ಈಗ. ಹಂಗಂತ ಮುಂದ ತಪಾಸಣೆ ಬ್ಯಾಡಂತಲ್ಲ, ಮೂವತ್ತಾದಮ್ಯಾಲೆ ಆಕೀನೂ ಮಾಡಿಸ್ಕೋಬೇಕು.”

ಅತ್ತೆಯ ಮುಂದೆ ಎಂದೂ ದನಿ ಎತ್ತದ ನೀಲಮ ರವಿಕೆಯ ತೋಳು ಇಳಿಸಿಕೊಂಡು ಎದ್ದಳು. “ಅತ್ತಿ, ಕರೀರಿ ಆಕಿನ್ನ. ಇಲ್ಲಂದ್ರ ನಾ ಕರೀತೀನಿ.”

ಕರೆಯುವುದೇನೋ ಸರಿ. ಆದರೆ ಬೆಂಚಿನ ಮೇಲೆ ಪೂನಮಳ ಪಕ್ಕದಲ್ಲೇ ತಮ್ಮೂರಿನ ಕೆಂಚವ್ವ ಕೂತಿದ್ದಳು. ಅವಳ ಕಿವಿಗೆ ಬಿದ್ದದ್ದು ಸಂಜೆಯೊಳಗೆ ಊರೆಲ್ಲ ಸುತ್ತಿ ಬರುತ್ತದೆ. ‘ಯಾಕ ಬಂದೀ ಬೇ?’ ಎಂದು ಒಳಗೆ ಬರುವಾಗ ಅಕ್ಕುತಾಯಿ ಕೇಳಿದ್ದಕ್ಕೆ ‘ಹೊಟ್ಟಿಬ್ಯಾನಿ ಯವ್ವಾ’ ಎಂದಿದ್ದಳು. ಈ ಕಡೆಯ ಹೆಂಗಸರಿಗೆ ಹೊಕ್ಕುಳ ಕೆಳಗೆ ಏನೇ ಆದರೂ ಅದರ ಹೆಸರು ಹೊಟ್ಟೆಬ್ಯಾನೆಯೇ. ಗಂಗೂಬಾಯಿ ಸತ್ತದ್ದೂ ಹೊಟ್ಟೆಬ್ಯಾನೆಯಿಂದಲೇ ಎಂದು ಊರಿಗೂ ಪೂನಮಳಿಗೂ ಹೇಳಿಯಾಗಿತ್ತು.

ಅಕ್ಕುತಾಯಿ ಬಾಗಿಲನ್ನು ಅರ್ಧ ತೆರೆದಳು. “ಪೂನೀ, ಒಳಗ ಬಾ. ಸೂಜಿ ಮಾಡ್ತಾರ.”

“ನನಗೇನಾಗೇತಿ?”

“ಏನಿಲ್ಲ, ಧನುರ್ವಾಯುದ್ದು.”

“ಅದನ್ನ ಸಾಲ್ಯಾಗ ಮಾಡ್ಯಾರ.” ಪೂನಮ ಎರಡೂ ಕೈಯಿಂದ ಬೆಂಚನ್ನು ಹಿಡಿದುಕೊಂಡಳು. “ಖರೇ ಹೇಳ ಆಯಿ. ಇಲ್ಲಂದ್ರ ನಾ ಏಳಂಗಿಲ್ಲ.”

ಕೆಂಚವ್ವ ತಲೆಯ ಸೆರಗನ್ನು ಕಿವಿಯ ಹಿಂದಕ್ಕೆ ಸರಿಸಿದಳು. ಅದನ್ನು ಕಂಡ ಅಕ್ಕುತಾಯಿ ಬಾಗಿಲನ್ನು ಮತ್ತೆ ಮುಚ್ಚಲು ಹೋದಳು. ‘ಅಕ್ಕಾ, ಯಾರ ಮುಂದೂ ಹೇಳಬ್ಯಾಡ’ ಎಂದು ಕೈ ಹಿಡಿದುಕೊಂಡಿದ್ದ ತಂಗಿಯ ಮುಖ ಕಣ್ಣೆದುರು ಬಂತು. ದುಃಖ ಉಮ್ಮಳಿಸಿತು. ಅದರ ಬೆನ್ನಿಗೇ, ತಂಗಿಯನ್ನು ತಿಂದುಹಾಕಿದ ಆ ಹಾಳು ನಾಚಿಕೆಯ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಅವಳು ಬಾಗಿಲನ್ನು ಪೂರ್ತಿ ತಳ್ಳಿದಳು.

“ಕೇಳ ಹಂಗಾರ. ನಿನ್ನ ಗಂಗೂ ಆಯಿ ಹೊಟ್ಟಿಬ್ಯಾನಿಲೆ ಸತ್ತಿಲ್ಲ. ಗರ್ಭಚೀಲದ ಬಾಯಿಗೆ ಕ್ಯಾನ್ಸರ್ ಆಗಿತ್ತು. ಮುಟ್ಟು ನಿಂತ ವರ್ಷಗಟ್ಟಲೆ ಆದಮ್ಯಾಲೂ ರಕ್ತ ಹೋಗಾಕತ್ತಿತ್ತು, ನಾಚಿ ಯಾರಿಗೂ ಹೇಳಲಿಲ್ಲ. ಹೇಳೂದರಾಗ ಕೈ ಮೀರಿತ್ತು. ಆ ರೋಗ ನಿನ್ನ ಹತ್ರ ಸುಳೀಬಾರದಂತ ಈ ಸೂಜಿ. ಗಂಡನ ಮನಿ ನೋಡೂಕಿಂತ ಮೊದಲ ಮಾಡಿಸ್ಬೇಕಂತ. ತಿಳೀತಿಲ್ಲೋ?” ಆಮೇಲೆ ಕೆಂಚವ್ವನ ಕಡೆ ತಿರುಗಿದಳು. “ಊರಾಗ ಹೇಳವ್ರು ಹೇಳ್ರಿ. ಅರ್ಧಾ ಹೇಳಬ್ಯಾಡ್ರಿ, ಪೂರಾ ಹೇಳ್ರಿ!”

ಪೂನಮ ಕಣ್ಣು ಒರೆಸಿಕೊಂಡು ಎದ್ದಳು. “ಮೊದಲ ಹೇಳಿದ್ರ ಚಪ್ಪಲಿ ಕಾಯೂದರ ತಪ್ಪತಿತ್ತು,” ಎಂದು ಒಳಗೆ ಹೋಗಿ ತೋಳು ಕೊಟ್ಟಳು. ಇರುವೆ ಕಚ್ಚಿದಷ್ಟೇ ಹೊತ್ತು. ಡಾಕ್ಟರು ಅವಳನ್ನು ಸ್ವಲ್ಪ ಹೊತ್ತು ಅಲ್ಲೇ ಕೂರಲು ಹೇಳಿದರು.

“ಇನ್ನ ಅತ್ತಿ ಸೊಸಿ ಇಬ್ಬರದೂ ತಪಾಸಣೆ ಮಾಡ್ರಿ,” ಎಂದಳು ಅಕ್ಕುತಾಯಿ. ಹೆದರಿಕೆಯೇನೋ ಇತ್ತು. ಆದರೆ ತಂಗಿ ಸತ್ತಂದಿನಿಂದ ಎದೆಯ ಮೇಲೆ ಕೂತಿದ್ದ ಭಾರ ಈಗ ಇರಲಿಲ್ಲ.

“ಮಾಡೂನಂತ. ಹೊರಗಿನವ್ರದ ಒಂದ ನೋಡ್ತೀನಿ,” ಎಂದು ಡಾಕ್ಟರು ಕೆಂಚವ್ವನನ್ನು ಕರೆದರು. ಅತ್ತೆ ಸೊಸೆ ಪೂನಮಳ ಕೈ ಹಿಡಿದು ಹೊರಗಿನ ಬೆಂಚಿಗೆ ಹೋಗಲು ಎದ್ದರು.

“ಇರವಾ ಅಕ್ಕುತಾಯಿ, ಹೋಗಬ್ಯಾಡ,” ಎಂದಳು ಕೆಂಚವ್ವ.

“ಕುಂದರ್ರಿ. ಏನ್ ತ್ರಾಸ ಐತ್ರಿ?” ಡಾಕ್ಟರು ಕೇಳಿದರು.

ಕೆಂಚವ್ವ ಅಕ್ಕುತಾಯಿಯ ಮುಖವನ್ನು ಒಮ್ಮೆ ನೋಡಿದಳು.

“ಹೊಟ್ಟಿಬ್ಯಾನಿ ಅಲ್ರಿ,” ಎಂದಳು.