ಪಕ್ಕದ ಕೋಶ

ಕತ್ತಲೆ ಕೋಣೆಯ ಪರದೆಯ ಮೇಲೆ ಒಂದು ಹಸಿರು ಚುಕ್ಕಿ ಮೂಡಿತು. ಆಮೇಲೆ ಅದರಾಚೆ ಇನ್ನೊಂದು. ನೀರಿನಡಿಯ ಊರಿನಲ್ಲಿ ಯಾರೋ ಮನೆಮನೆಗೂ ಹೋಗಿ ದೀಪ ಹಚ್ಚುತ್ತಿದ್ದ ಹಾಗಿತ್ತು.

"ಇಲಿಮರಿಯ ಒಳಕಿವಿ," ಎಂದಳು ಮಗಳು, ಹಿಂದೆ ಸೂಕ್ಷ್ಮದರ್ಶಕದ ಬಳಿಯಿಂದ. "ಲೈಟ್ ಮಾತ್ರ ಹಾಕಬೇಡಿ, ಕೋಶಗಳ ಬಣ್ಣ ಹೋಗಿಬಿಡುತ್ತೆ."

ಅಪ್ಪ ಅಮ್ಮ ಪರದೆಯ ಮುಂದೆ ಸ್ಟೂಲು ಹಾಕಿಕೊಂಡು ಕೂತಿದ್ದರು. ಬಾಯ್ಲರ್ ಕಾರ್ಖಾನೆಯ ಸುತ್ತಿಗೆಗಳು ಅಪ್ಪನ ಕಿವಿಗಳನ್ನು ಯಾವತ್ತೋ ತಿಂದು ತೇಗಿದ್ದವು. ಲೋಕ ಆಡಿದ್ದನ್ನೆಲ್ಲ ಅಮ್ಮ ದನಿಯಿಲ್ಲದೆ ತುಟಿಯಲ್ಲಿ ಆಡಿ ತೋರಿಸಬೇಕು. ಅವನಿಗೆ ಓದಲು ಬರುವುದು ಅವಳ ತುಟಿಗಳನ್ನು ಮಾತ್ರ. ಈಗಲೂ ಅವಳು ಮುಖವನ್ನು ಪರದೆಯ ಬೆಳಕಿಗೆ ಓರೆಯಾಗಿ ಹಿಡಿದಿದ್ದಳು. ತುಟಿಗಳು ಎಳೆಹಸಿರಾಗಿದ್ದವು.

"ಈ ಪಕ್ಕದವೆಲ್ಲ ಯಾಕೆ ಹೊಳೀತಿಲ್ಲ ಕಣೆ?" ಅಮ್ಮ ಕೇಳಿದಳು.

"ಮೊದಲು ಎಲ್ಲವೂ ಒಂದೇ ಅಮ್ಮ. ಯಾವುದೋ ಒಂದು ತಲೆ ಎತ್ತಿ, ಕೇಳೋದು ನಾನು ಅನ್ನುತ್ತೆ. ಪಕ್ಕದವನ್ನ ಮುಟ್ಟಿ, ನೀವು ಬೇಡ, ನನ್ನನ್ನ ಹಿಡ್ಕೊಂಡಿರಿ ಸಾಕು ಅನ್ನುತ್ತೆ. ಅವು ಜೀವಮಾನವಿಡೀ ಹಿಡ್ಕೊಂಡೇ ಇರ್ತವೆ."

ಅಮ್ಮ ಅಪ್ಪನ ಕಡೆ ತಿರುಗಿ ತುಟಿಯಾಡಿಸಿದಳು. ಅಪ್ಪ ಕೋಣೆ ಅದುರುವಂತೆ ನಕ್ಕ. "ನಿದ್ದೆ ಹೊಡೀತಿದಾವಂತಾ? ಹಾಗಾದ್ರೆ ನಿನ್ನ ತಮ್ಮನ ಕಡೆಯವೇ ಬಿಡು!"

ಮಗಳೂ ನಕ್ಕಳು. ಅಮ್ಮ ದಾಟಿಸುವ ಮಾತಿಗೆ ಉಪ್ಪು ಖಾರ ಬೀಳುವುದು ಹೊಸದೇನಲ್ಲ.

ಇನ್ನೊಂದು ಚುಕ್ಕಿ ಹೊತ್ತಿಕೊಂಡಿತು. ಅದನ್ನೇ ನೋಡುತ್ತ ಅಪ್ಪ ದನಿ ತಗ್ಗಿಸಿದ. ಅವನ ತಗ್ಗಿದ ದನಿಯೆಂದರೆ ಉಳಿದವರ ಕೂಗು. "ನನಗೂ ಹೀಗೆ ಹೊತ್ತಿಸೋಕೆ ಆಗುತ್ತಾ, ಕೇಳೇ ಅವಳನ್ನ. ಸುಳ್ಳು ಬೇಡ ಅನ್ನು. ನಿನ್ನ ದನಿ ಹೇಗಿತ್ತು ಅನ್ನೋದೇ ಮರೆತುಹೋಗಿದೆ ಮಾರಾಯ್ತಿ. ಒಂದೇ ಒಂದು ಸಲ ಕೇಳಿದ್ರೆ ಸಾಕು."

ಮಗಳು ಹಿಂದಿನ ಕತ್ತಲಿನಿಂದ ಹೇಳಿದಳು. "ಕೋಳಿಗಾದ್ರೆ ಆಗುತ್ತೆ ಅಮ್ಮ. ಕೇಳೋ ಕೋಶ ಸತ್ತರೆ ಪಕ್ಕದ್ದು ತನ್ನ ಕೆಲಸ ಬಿಟ್ಟು ಆ ಜಾಗಕ್ಕೆ ಬಂದು ನಿಲ್ಲುತ್ತೆ. ನಮ್ಮಲ್ಲಿ ಬರಲ್ಲ. ಅಪ್ಪನ ಕಾಲಕ್ಕಂತೂ ಇಲ್ಲ. ಮೆತ್ತಗೆ ಹೇಳು."

ಹಸಿರು ತುಟಿಗಳು ಒಂದಿಷ್ಟೇ ಅಲುಗಿದವು. ಅಪ್ಪ ಸ್ಟೂಲಿನಿಂದ ಎದ್ದೇಬಿಟ್ಟ. "ಮುಂದಿನ ವರ್ಷವಾ! ನನ್ನ ಮಗಳು ಅಂದ್ರೆ ಏನಂದ್ಕೊಂಡಿದೀಯ!"

"ಅಮ್ಮ, ಇದೇನಿದು? ಯಾಕೆ ಹಾಗೆ ಹೇಳಿದೆ?"

ಅಮ್ಮ ಪರದೆಯನ್ನೇ ನೋಡುತ್ತಿದ್ದಳು.

"ಅಮ್ಮ." ಮತ್ತೆ ಜೋರಾಗಿ, ಅವಳ ಬೆನ್ನಿಗೇ, "ಅಮ್ಮಾ!"

ಅಮ್ಮ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಚುಕ್ಕಿಗಳನ್ನು ನೋಡಿ ಮುಗುಳ್ನಕ್ಕಳು.

ಈಚೆಗೆ ಫೋನಿನಲ್ಲಿ ಎಲ್ಲದಕ್ಕೂ "ಹ್ಞೂಂ, ಬಂದಾಗ ಮಾತಾಡೋಣ" ಎಂದು ಇಟ್ಟುಬಿಡುತ್ತಿದ್ದವಳು. ಮನೆಗೆ ಹೋದರೆ ಕಿಟಕಿಯ ಬೆಳಕಿಗೆ ಎದುರಾಗಿ ಕೂರಿಸಿಕೊಂಡು, ಮಗಳ ಬಾಯಿಯ ಮೇಲಿನ ಕಣ್ಣು ತೆಗೆಯದೆ ಮಾತಾಡುತ್ತಿದ್ದವಳು. ಈ ಕತ್ತಲೆಯಲ್ಲಿ ಅವಳಿಗೆ ಆ ಬಾಯಿ ಕಂಡಿರಲಿಲ್ಲ. ಅಷ್ಟೂ ಉತ್ತರಗಳನ್ನು ಅವಳೇ ಹೆಣೆದಿದ್ದಳು.

ಮಗಳು ಎದ್ದು ಬಂದು, ಇಬ್ಬರ ನಡುವೆ, ಪರದೆಗೆ ಕೆನ್ನೆ ತಾಗುವಷ್ಟು ಹತ್ತಿರ ಮಂಡಿಯೂರಿದಳು. ಅಮ್ಮ ಅವಳ ಮುಖ ನೋಡಿದಳು. ಅಪ್ಪನ ಕಡೆ ಕಣ್ಣು ಹೊರಳಿಸಿ, ಅವನಿಗೆ ಹೇಳಬೇಡ ಎಂಬಂತೆ ಚೂರೇ ತಲೆಯಾಡಿಸಿದಳು.

"ಏನಂತೆ?" ಎಂದ ಅಪ್ಪ.

ಅಮ್ಮನ ತುಟಿಗಳು ಅಲುಗಲಿಲ್ಲ. ಅವಳ ಕಣ್ಣು ನೆಟ್ಟ ಕಡೆಗೇ ಅಪ್ಪನೂ ಮೆಲ್ಲಗೆ ತಿರುಗಿದ. ಇಬ್ಬರೂ ತನ್ನ ಬಾಯಿಯನ್ನೇ ನೋಡುತ್ತಿರುವಾಗ, ಮಗಳು ದನಿಯಿಲ್ಲದೆ ಮೊದಲ ಅಕ್ಷರಕ್ಕೆ ತುಟಿ ತೆರೆದಳು.