ಹಿತ್ತಲಿನ ಕಾಫಿ ಗಾಡಿ

ನಿವೃತ್ತ ಸ್ಟೇಷನ್ ಮಾಸ್ಟರ್ ವಾಮನರಾಯರು ಹಿತ್ತಲಲ್ಲಿ ಮೊಣಕಾಲೆತ್ತರದ ರೈಲು ಕಟ್ಟಿದ್ದರು. ಅದನ್ನು ಆಟಿಕೆ ಎಂದವರಿಗೆ ಆ ಮನೆಯಲ್ಲಿ ನೀರೂ ಹುಟ್ಟುತ್ತಿರಲಿಲ್ಲ. ಅದರ ಹಳಿಗೆಂದು ರಾಯರು ಕಟ್ಟಿದ್ದ ಸುರಂಗದ ಮುಂದೆ ಘಟ್ಟದ ಸುರಂಗಗಳೆಲ್ಲ ಬರೀ ಇಲಿಬಿಲ!

"ಅಡುಗೆಮನೆಯಿಂದ ಸೀಬೆ ಮರದವರೆಗೆ ಬಿಸಿಬಿಸಿ ಕಾಫಿ ತರುತ್ತೆ ನೋಡು. ತಣ್ಣಗಾದ್ರೆ ಹಳಿ ಕಿತ್ತು ನಿನ್ನ ಮಲ್ಲಿಗೆ ಬಳ್ಳಿಗೆ ಜಾಗ ಬಿಡ್ತೀನಿ," ಎಂದು ಹೆಂಡತಿ ಅಂಬುಜಮ್ಮನಿಗೆ ಸವಾಲು ಹಾಕಿದರು.

ಲೋಟ ಹೊತ್ತ ಗಾಡಿ ಒಂದು ಹನಿಯೂ ಚೆಲ್ಲದೆ ಬಂತು. ಮರ ಇನ್ನೆರಡು ಮಾರು ದೂರವಿದ್ದಾಗ ರಾಯರೇ ಕೆಂಪು ದೀಪ ಹಾಕಿ ನಿಲ್ಲಿಸಿದರು.

"ಯಾಕ್ರೀ ನಿಲ್ಲಿಸಿದ್ರಿ?"

"ಕ್ರಾಸಿಂಗ್ ಕಣೇ. ಸಿಂಗಲ್ ಲೈನು. ಎದುರಿನ ಗಾಡಿ ದಾಟದೆ ಇದನ್ನ ಬಿಡೋ ಹಾಗಿಲ್ಲ. ಮೂವತ್ತೆಂಟು ವರ್ಷದಲ್ಲಿ ಒಂದು ಸಲಾನೂ ತಪ್ಪಿದವನಲ್ಲ ನಾನು!"

ಹತ್ತು ನಿಮಿಷವಾಯಿತು. ಕಾಫಿ ಕೆನೆಗಟ್ಟಿತು. ರಾಯರು ಕೈಗಡಿಯಾರ ನೋಡಿ ಸಿಡುಕಿದರು. "ಆ ಕಡೆ ಯಾವನೋ ಅಬ್ಬೇಪಾರಿ ಮಾಸ್ಟರ್ ಇರ್ಬೇಕು, ಗಾಡೀನೇ ಬಿಡ್ತಿಲ್ಲ."

ಅಂಬುಜಮ್ಮ ಒಳಗೆ ಹೋಗಿ ಹಾರೆ ತಂದು ಗಂಡನ ಕೈಗೆ ಕೊಟ್ಟರು.

"ರೀ, ನೀವು ಮಾಡಿರೋದೇ ಒಂದು ಗಾಡಿ."