ಹಲಗೆಗಳ ಹಿಂದೆ

ಭಾವನ ಸ್ಕೂಟರಿನ ಸದ್ದು ಬೀದಿಯ ತಿರುವಿನಲ್ಲಿ ಕೇಳಿದ್ದೇ ತಡ, ಬಡಗಿ ಕೈಯಲ್ಲಿದ್ದ ಉಳಿಯನ್ನು ಅಲ್ಲೇ ಬಿಟ್ಟು ಗೋಡೆಗೆ ಒರಗಿಸಿದ್ದ ಹಲಗೆಗಳ ಹಿಂದೆ ತೂರಿಕೊಂಡ. ನಲವತ್ತು ದಾಟಿದ, ಇಬ್ಬರು ಕೆಲಸಗಾರರಿಗೆ ಯಜಮಾನನಾದ ಮನುಷ್ಯ!

"ಕೇಳಿದ್ರೆ ಇಲ್ಲ ಅನ್ನು," ಎಂದು ಹೆಂಡತಿಗೆ ಪಿಸುಗುಟ್ಟಿದ.

"ಇನ್ನೂ ಎಷ್ಟು ಸುಳ್ಳು ಹೇಳ್ಲಿ?" ಬಾಗಿಲಿಗೆ ಪಾಲಿಶ್ ಹಚ್ಚುತ್ತಿದ್ದ ಅವಳು ತಲೆ ಎತ್ತಲಿಲ್ಲ. "ಹೊರಗಿನವರ ಹತ್ರ ಅಷ್ಟು ಖಡಕ್ಕಾಗಿ ಮಾತಾಡ್ತೀರಿ. ನಿಮ್ಮ ಭಾವನ್ನ ಕಂಡ್ರೆ ಮಾತ್ರ ನಾಲಿಗೆ ಬಿದ್ದುಹೋಗುತ್ತೆ."

ಸ್ಕೂಟರ್ ನಿಲ್ಲಲಿಲ್ಲ. ಬೇರೆ ಯಾರದೋ ಇರಬೇಕು. ಬಡಗಿ ಮೈಮೇಲಿನ ಮರದ ಹೊಟ್ಟು ಕೊಡವಿಕೊಂಡು ಹೊರಬಂದ. ಕೆಲಸಗಾರರಿಬ್ಬರೂ ಏನೂ ಕಾಣದವರಂತೆ ಯಂತ್ರಕ್ಕೆ ಹಲಗೆ ಕೊಡುತ್ತಿದ್ದರು.

ಕೆಲಸಕ್ಕೇನೂ ಬರವಿರಲಿಲ್ಲ. ಈ ವರ್ಷ ಉಸಿರಾಡಲು ಪುರುಸೊತ್ತಿಲ್ಲದಷ್ಟು ದುಡಿದಿದ್ದರು. ಆದರೂ ಗಲ್ಲಾಪೆಟ್ಟಿಗೆ ಬಣಬಣ. ಯಂತ್ರದ ಸಾಲದ ಕಂತುಗಳು ತಪ್ಪಿದ್ದವು. ಸಂಜೆಯೊಳಗೆ ಕಟ್ಟದಿದ್ದರೆ ಯಂತ್ರವನ್ನೇ ಎತ್ತಿಕೊಂಡು ಹೋಗುತ್ತೇವೆಂದು ಬ್ಯಾಂಕಿನವರು ಫೋನಿನಲ್ಲಿ ಹೇಳಿಬಿಟ್ಟಿದ್ದರು. ಅದು ಹೋದರೆ ಕೆಲಸಗಾರರಿಬ್ಬರನ್ನೂ ಮನೆಗೆ ಕಳಿಸಬೇಕು. ಅದರ ಮೇಲೆ ಈ ಭಾವ ಬೇರೆ.

ಅಪ್ಪ ತೀರಿಕೊಂಡಾಗ ಇವನನ್ನು ಸಾಕಿದವಳು ಅಕ್ಕ. ಮೊದಲ ಉಳಿ, ಮೊದಲ ಕೊಡತಿ ಕೊಡಿಸಿದ್ದು ಭಾವ. ಅಂಥವರ ಎದುರು ನಿಂತು ಹಣದ ಮಾತೆತ್ತುವುದೆಂದರೆ ಇವನ ಮೈ ಹಿಡಿಯಷ್ಟಾಗುತ್ತಿತ್ತು. ಹಾಗಾಗಿ ಭಾವನ ಹೋಟೆಲಿದ್ದ ಬೀದಿಯನ್ನೇ ಬಿಟ್ಟಿದ್ದ. ಫೋನ್ ಬಂದರೆ ಎತ್ತುತ್ತಿರಲಿಲ್ಲ. ಮೊನ್ನೆ ಬ್ಯಾಂಕಿಗೆ ಹೋಗುವಾಗ ಮಾತ್ರ ವಿಧಿಯಿಲ್ಲದೆ ತಲೆ ತಗ್ಗಿಸಿ ಆ ದಾರಿಯಲ್ಲಿ ನಡೆದ. ಹೋಟೆಲು ಗಿಜಿಗುಡುತ್ತಿತ್ತು. ಹೊಸ ಮೇಜು, ಹೊಸ ಕುರ್ಚಿ. ಬಾಗಿಲ ಬಳಿಯ ಕುರ್ಚಿಯೊಂದರ ಕಾಲು ತುಸು ಅಲುಗುತ್ತಿದ್ದದ್ದು ಕಣ್ಣಿಗೆ ಬಿದ್ದು, ಇವನಿಗೆ ಇನ್ನಷ್ಟು ನಾಚಿಕೆಯಾಯಿತು.

"ಎಲ್ಲಿ ಹೋದನಮ್ಮಾ ನಿನ್ನ ಗಂಡ?"

ಭಾವ ಈ ಸಲ ನಡೆದುಕೊಂಡೇ ಬಂದಿದ್ದರು. ಬಡಗಿಗೆ ಮತ್ತೆ ಹಲಗೆಗಳ ಹಿಂದೆ ಹೋಗಲು ಅರೆಕ್ಷಣ ಸಿಕ್ಕಿತು, ಅಷ್ಟೆ.

"ಮರ ತರೋಕೆ ಹೋಗಿದ್ದಾರೆ, ಅಣ್ಣ."

"ಬರಿಗಾಲಲ್ಲೇ ಹೋದನಾ?"

ಹೊಸ್ತಿಲ ಬಳಿ ಚಪ್ಪಲಿಗಳಿದ್ದವು. ಯಂತ್ರ ನಿಂತಿತು. ಕೆಲಸಗಾರರು ಈಗ ನೇರವಾಗಿಯೇ ನೋಡತೊಡಗಿದರು. ಬಡಗಿ ತಲೆತುಂಬ ಹೊಟ್ಟು ಹೊತ್ತುಕೊಂಡು ಹೊರಬಂದ. ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

"ತಿಂಗಳಿಂದ ಆಟ ಆಡಿಸ್ತಿದ್ದೀಯ," ಎಂದರು ಭಾವ. "ಮನೇಲಿ ನಿಮ್ಮಕ್ಕ ಮೂರು ಹೊತ್ತೂ ನನ್ನನ್ನ ಬೈತಾಳೆ. ಏನು ಅಂದ್ಕೊಂಡಿದ್ದೀಯ ನೀನು?"

"ತಪ್ಪಾಯ್ತು ಭಾವ. ಇನ್ನೂ ಸ್ವಲ್ಪ ದಿನ ಹೋಗ್ಲಿ. ಆಮೇಲೆ ನೋಡೋಣ."

"ಆಮೇಲೆ ಅನ್ನೋದೇ ಬೇಡ. ಇವತ್ತು ಇತ್ಯರ್ಥ ಆಗದೆ ನಾನು ಇಲ್ಲಿಂದ ಏಳಲ್ಲ." ಅವರು ಸ್ಟೂಲ್ ಎಳೆದುಕೊಂಡು ಯಂತ್ರದ ಪಕ್ಕದಲ್ಲೇ ಕೂತುಬಿಟ್ಟರು.

"ಹೇಳ್ರೀ," ಎಂದಳು ಹೆಂಡತಿ. ಅವಳ ಕಣ್ಣಲ್ಲಿ ನೀರು ಬಂದಿತ್ತು.

ಬಡಗಿ ಬಾಯಿ ತೆರೆದ. ಯಂತ್ರದ ಕಡೆ ನೋಡಿದ, ಭಾವನ ಕಾಲು ನೋಡಿದ, ಮತ್ತೆ ಬಾಯಿ ಮುಚ್ಚಿದ. ಭಾವ ನಿಟ್ಟುಸಿರು ಬಿಟ್ಟು, ಕೈಚೀಲದಿಂದ ದಪ್ಪನೆಯ ನೋಟಿನ ಕಟ್ಟು ತೆಗೆದು ಅವನ ಉಳಿಯ ಪಕ್ಕದಲ್ಲಿಟ್ಟರು.

"ಆ ಮೇಜು ಕುರ್ಚಿಗೆಲ್ಲ ಎಷ್ಟಾಯ್ತು ಅಂತ ಬಾಯಿಬಿಟ್ಟು ಹೇಳೋ ಪುಣ್ಯಾತ್ಮ, ದುಡ್ಡು ಹಿಡ್ಕೊಂಡು ಇನ್ನೂ ಎಷ್ಟು ಅಂತ ನಿನ್ನ ಹಿಂದೆ ಅಲೀಲಿ?"